ಶೆಲ್ಲಿನೊಳಗಿನ ಕರಿಪುಡಿ

ಮ್ಯಾಂಗನೀಸ್ ಡೈಆಕ್ಸೈಡ್ ನೀರಿನಲ್ಲಿ ಕರಗದ ಕಪ್ಪು ಪುಡಿ. ಸಂಕ್ರಮಣ ಲೋಹವಾದ ಮ್ಯಾಂಗನೀಸಿನ ಒಂದು ಪರಮಾಣುವಿಗೆ ಆಕ್ಸಿಜನ್ನಿನ ಎರಡು ಪರಮಾಣುಗಳು ಸೇರಿ ಆದದ್ದು. ನೆಲದಲ್ಲಿ ಇದು ಪೈರೊಲುಸೈಟ್ ಎಂಬ ಅದಿರಾಗಿ ಸಿಗುತ್ತದೆ. ಮೆತ್ತಗಿನ ತುಂಡನ್ನು ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತದೆ. ಮ್ಯಾಂಗನೀಸ್ ಅದಿರಿಗೆ ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳು ಹೆಸರಾಗಿವೆ.

ಇದರಲ್ಲಿ ಮ್ಯಾಂಗನೀಸಿನ ಉತ್ಕರ್ಷಣ ಸಂಖ್ಯೆ +4. ಎಲೆಕ್ಟ್ರಾನ್ ಸಿಕ್ಕರೆ ಅದು +3ಕ್ಕೋ +2ಕ್ಕೋ ಇಳಿಯಲು ಸದಾ ಸಿದ್ಧ. ಈ ಪುಡಿಯ ಉಪಯೋಗಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಗುಣದಿಂದಲೇ. 1774ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ ಇದನ್ನು ಹೈಡ್ರೋಕ್ಲೋರಿಕ್ ಆಮ್ಲದೊಡನೆ ಕಾಯಿಸಿದಾಗ ಹೊರಬಂದ ಹಳದಿ-ಹಸಿರು ಅನಿಲವೇ ಕ್ಲೋರಿನ್. ಗಾಜು ಮಾಡುವವರಿಗೆ ಈ ಪುಡಿ ಅದಕ್ಕೂ ಮೊದಲೇ ಗೊತ್ತಿತ್ತು. ಮರಳಿನ ಕಬ್ಬಿಣದಿಂದ ಗಾಜಿಗೆ ಬರುವ ಹಸಿರು ಛಾಯೆಯನ್ನು ಚಿಟಿಕೆ ಪುಡಿ ತೆಗೆಯುತ್ತದೆ. ಹೆಚ್ಚಾದರೆ ಗಾಜೇ ನೇರಳೆಗೆ ತಿರುಗುತ್ತದೆ.

ಟಾರ್ಚಿನ ಹಳೆಯ ಶೆಲ್ಲನ್ನು ಒಡೆದರೆ ನಡುವೆ ಇಂಗಾಲದ ಕಡ್ಡಿ, ಅದರ ಸುತ್ತ ಒದ್ದೆ ಕರಿಪುಡಿ, ಹೊರಗೆ ಸತುವಿನ ಡಬ್ಬಿ ಕಾಣುತ್ತವೆ. ಆ ಕರಿಪುಡಿಯನ್ನು ಬರಿಯ ಇದ್ದಿಲೆಂದು ತಿಳಿಯುವವರೇ ಹೆಚ್ಚು. ಇಂಗಾಲವೂ ಅದರಲ್ಲಿದೆ, ಆದರೆ ಕೆಲಸ ಮಾಡುವುದು ಮ್ಯಾಂಗನೀಸ್ ಡೈಆಕ್ಸೈಡ್. ಸತು ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ಬಲ್ಬನ್ನು ಉರಿಸಿ ಕಡ್ಡಿಯ ಮೂಲಕ ಒಳಬರುತ್ತವೆ. ಅವನ್ನು ಈ ಪುಡಿ ಹೀರಿಕೊಳ್ಳುತ್ತದೆ. ಹೊಸ ಶೆಲ್ಲಿನ ಸುಮಾರು 1.5 ವೋಲ್ಟ್ ಬರುವುದು ಹೀಗೆ. ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಮೂಲ ಕೋಶದಲ್ಲಿ ನವಸಾಗರದ ದ್ರಾವಣವೇ ಇತ್ತು. ಅದನ್ನು ಸರಿಯಾಗಿ ಒಣಶೆಲ್ಲಾಗಿಸಿದ್ದು ಆಮೇಲಿನವರು. ಇಂದಿನ ಆಲ್ಕಲೈನ್ ಶೆಲ್ಲುಗಳಲ್ಲಿ ನವಸಾಗರದ ಜಾಗಕ್ಕೆ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಬಂದಿದೆ, ಕರಿಪುಡಿ ಮಾತ್ರ ಅದೇ.

ಮಂಕಾದ ಶೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕುವ ರೂಢಿಯಲ್ಲಿ ಹುರುಳಿಲ್ಲದಿಲ್ಲ. ಟಾರ್ಚು ಉರಿಯುತ್ತಿರುವಾಗ ಪುಡಿಯ ಹರಳುಗಳ ಮೇಲ್ಮೈ ಮೊದಲು ಸವೆಯುತ್ತದೆ. ಬಿಡುವು ಸಿಕ್ಕಾಗ ಆ ಬದಲಾವಣೆ ಒಳಕ್ಕೆ ಹರಡಿ ಮೇಲ್ಮೈ ಚೇತರಿಸಿಕೊಳ್ಳುತ್ತದೆ. ಶಾಖ ಇದನ್ನು ತುಸು ಚುರುಕುಗೊಳಿಸುತ್ತದೆ. ಸತು ಪೂರ್ತಿ ಸವೆದಿದ್ದರೆ ಯಾವ ಬಿಸಿಲೂ ಸಾಲದು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಈ ಪುಡಿ ವೇಗವರ್ಧಕ. ಹೈಡ್ರೋಜನ್ ಪೆರಾಕ್ಸೈಡಿಗೆ ಚಿಟಿಕೆ ಹಾಕಿದೊಡನೆ ಆಕ್ಸಿಜನ್ ನೊರೆಯುಕ್ಕುತ್ತದೆ. ಪುಡಿ ಹಾಕಿದಷ್ಟೇ ಉಳಿಯುತ್ತದೆ. ಬಾವಿಗೆ ಹಾಕುವ ಪೊಟ್ಯಾಷಿಯಂ ಪರ್ಮಾಂಗನೇಟನ್ನು ತಯಾರಿಸುವುದೂ ಇದರಿಂದಲೇ. ಅದನ್ನು ಮುಟ್ಟಿದ ಬೆರಳಿನಲ್ಲಿ ದಿನಗಟ್ಟಲೆ ಉಳಿಯುವ ಕಂದು ಕಲೆ ಮತ್ತೆ ಮ್ಯಾಂಗನೀಸ್ ಡೈಆಕ್ಸೈಡೇ.

ಇದರ ಧೂಳು ಮಾತ್ರ ಅಪಾಯಕಾರಿ. ವರ್ಷಗಟ್ಟಲೆ ಉಸಿರಿನೊಂದಿಗೆ ಒಳಹೋದ ಮ್ಯಾಂಗನೀಸ್ ಮಿದುಳಿನಲ್ಲಿ ಸೇರಿ, ಚಲನೆಯನ್ನು ಹತೋಟಿಯಲ್ಲಿಡುವ ಭಾಗವನ್ನು ಕೆಡಿಸುತ್ತದೆ. 1837ರಲ್ಲೇ ಸ್ಕಾಟ್ಲೆಂಡಿನಲ್ಲಿ ಈ ಅದಿರನ್ನು ಅರೆಯುತ್ತಿದ್ದ ಕೂಲಿಗಳ ಕಾಲು ಸೋತು ನಡಿಗೆ ತತ್ತರಿಸಿದ್ದನ್ನು, ದನಿ ಕುಗ್ಗಿದ್ದನ್ನು ವೈದ್ಯರೊಬ್ಬರು ದಾಖಲಿಸಿದ್ದರು.