ಸಾಲ ವಸೂಲಿಗೆ ಮನೆ ಬಾಗಿಲಿಗೆ ಬಂದರೆ



"ಫೈನಾನ್ಸಿನ ಸಾಲ ಎಲ್ಲಾ ಮನ್ನಾ ಆಯ್ತಂತೆ, ಇನ್ನು ಕಂತು ಕಟ್ಟೋದು ಬೇಡ್ವಂತೆ" ಎಂಬ ಮಾತು ನಮ್ಮ ಸಂಘದ ಸಭೆಗಳಲ್ಲೂ ಕೇಳಿಬರುತ್ತಿದೆ. ಇದು ಅರ್ಧ ಸತ್ಯ. ಇದನ್ನೇ ನಂಬಿ ಕೂತರೆ ಕಷ್ಟ ನಮಗೇ.

ವಸೂಲಿಯವರ ಕಿರುಕುಳ ತಾಳಲಾರದೆ ನಮ್ಮ ರಾಜ್ಯದ ಹಲವು ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಕೆಲವರು ಜೀವವನ್ನೇ ಕಳೆದುಕೊಂಡರು. ಆಗ ಸರಕಾರ ಒಂದು ಸುಗ್ರೀವಾಜ್ಞೆ ಸಿದ್ಧ ಮಾಡಿತು. ಶಿಕ್ಷೆ ಹೆಚ್ಚಾಯಿತು ಮುಂತಾದ ಕಾರಣ ಕೊಟ್ಟು ರಾಜ್ಯಪಾಲರು ಮೊದಲು ಅದನ್ನು ಹಿಂದಕ್ಕೆ ಕಳುಹಿಸಿದರು. 2025ರ ಫೆಬ್ರವರಿ 12ರಂದು ಅಂಕಿತ ಬಿತ್ತು. ನಂತರ ವಿಧಾನಮಂಡಲವೂ ಒಪ್ಪಿ ಅದು ಕಾಯ್ದೆಯಾಯಿತು.

ಇದರಂತೆ ಸಾಲ ಕೊಡುವವರು ಜಿಲ್ಲೆಯಲ್ಲಿ ನೋಂದಣಿ ಮಾಡಿಸಬೇಕು. ಅಡವು ಕೇಳಬಾರದು. ಬೆದರಿಸುವುದು, ಅವಮಾನ ಮಾಡುವುದು, ಹಿಂದೆ ಬೀಳುವುದು, ಗೂಂಡಾಗಳನ್ನು ಕಳುಹಿಸುವುದು, ಸರಕಾರಿ ಸೌಲಭ್ಯದ ಕಾಗದಪತ್ರ ಕಿತ್ತುಕೊಳ್ಳುವುದು ಎಲ್ಲವೂ ಅಪರಾಧ. ಶಿಕ್ಷೆ ಆರು ತಿಂಗಳಿಂದ 10 ವರ್ಷ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರು ಕೊಟ್ಟರೆ ಪೊಲೀಸರು ತೆಗೆದುಕೊಳ್ಳುವುದಿಲ್ಲ ಅನ್ನುವ ಹಾಗಿಲ್ಲ.

ಇನ್ನು ಮನ್ನಾ ವಿಷಯ. ನೋಂದಣಿ, ಲೈಸೆನ್ಸ್ ಇಲ್ಲದೆ ಬಡವರಿಗೆ ಕೊಟ್ಟ ಸಾಲ ಮಾತ್ರ ತೀರಿದಂತೆ. ಬ್ಯಾಂಕಿನ ಸಾಲಕ್ಕೆ, ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಗಳ ಸಾಲಕ್ಕೆ ಇದು ಅನ್ವಯಿಸುವುದಿಲ್ಲ. ನಮ್ಮಲ್ಲಿ ಹೆಚ್ಚಿನವರದ್ದು ಅಂಥದ್ದೇ ಸಾಲ. ಅದನ್ನು ಕಟ್ಟಲೇಬೇಕು. ಬಿಟ್ಟರೆ ಹೆಸರು ಕೆಟ್ಟು, ನಾಳೆ ಮಗಳ ಓದಿಗೆಂದು ಬ್ಯಾಂಕಿಗೆ ಹೋದಾಗ ಸಾಲ ಹುಟ್ಟುವುದು ಕಷ್ಟ.

ಹಾಗಂತ ಆ ಕಂಪನಿಯವರು ಹೇಗೆ ಬೇಕಾದರೂ ವಸೂಲಿ ಮಾಡಬಹುದೇ? ಇಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಒಪ್ಪಿಕೊಂಡ ಜಾಗದಲ್ಲೇ ಕಂತು ಕೇಳಬೇಕು. ಎರಡು ಸಲ ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗುವಂತೆ ಸಾಲ ಕೊಡಬಾರದು. ಆದರೆ ನಾವೇ ಒಂದು ಸಾಲ ತೀರಿಸಲು ಇನ್ನೊಂದು ಕಡೆ ಸಾಲ ಮಾಡಿ, ಇರುವ ಸಾಲ ಮುಚ್ಚಿಟ್ಟರೆ ಈ ನಿಯಮ ನಮ್ಮನ್ನು ಹೇಗೆ ಕಾಪಾಡೀತು?

ಒಂದು ಮಾತು ಹೇಳಲು ನಮಗೂ ಸಂಕೋಚ. ಎಷ್ಟೋ ಕಡೆ ಕಂತು ತಪ್ಪಿದವಳ ಅಂಗಳದಲ್ಲಿ ರಾತ್ರಿವರೆಗೆ ಕೂರುವವರು ಕಂಪನಿಯವರಲ್ಲ, ಗುಂಪಿನ ಹೆಂಗಸರೇ. "ಅವಳು ಕಟ್ಟದಿದ್ರೆ ನಾವು ಕಟ್ಬೇಕಲ್ಲ" ಅನ್ನುತ್ತಾರೆ. ಅವರ ಸಂಕಟ ನಮಗೆ ಗೊತ್ತು. ಆದರೂ ಅದು ಕಿರುಕುಳವೇ. ಹಾಗೆ ಕೂರಲು ಯಾರಾದರೂ ಹೇಳಿಕೊಟ್ಟರೆ ಕೂರಬೇಡಿ.

ತೊಂದರೆಯಾದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ, ನಕಲು ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ವಿವರಕ್ಕೆ 14448. ಬೆದರಿಕೆ, ಹೊಡೆತದ ಮಾತಾದರೆ 30 ದಿನ ಕಾಯುವುದು ಬೇಡ, ನೇರ ಪೊಲೀಸ್ ಠಾಣೆಗೆ ಹೋಗಿ. ಒಬ್ಬಳೇ ಹೋಗಬೇಡಿ, ಸಂಘದ ಇಬ್ಬರನ್ನು ಕರೆದುಕೊಂಡು ಹೋಗಿ.

ಮುಂದಿನ ಸಭೆಗೆ ಎಲ್ಲರೂ ತಮ್ಮ ಸಾಲದ ಕಾರ್ಡ್ ತನ್ನಿ. ಬಡ್ಡಿ ಎಷ್ಟು, ಇನ್ನೆಷ್ಟು ಕಂತು ಬಾಕಿ ಎಂದು ಒಟ್ಟಿಗೆ ಓದೋಣ. ಕಾರ್ಡೇ ಕೊಟ್ಟಿಲ್ಲ ಎಂದಾದರೆ ಅದನ್ನೂ ಹೇಳಿ.