ಲಾರಿ ಇದೆ, ಓಡಿಸುವವರಿಲ್ಲ



ಕಳೆದ ಬೇಸಿಗೆಯಲ್ಲಿ ನಮ್ಮ ಬ್ಲಾಕಿನ ರೈತರೊಬ್ಬರು ಟೊಮೇಟೊ ಕಿತ್ತು, ಬಾಕ್ಸುಗಳಿಗೆ ತುಂಬಿ ರಸ್ತೆಯ ಬದಿಗೆ ತಂದಿಟ್ಟರು. ಲಾರಿಯೂ ಊರಿನಲ್ಲೇ ನಿಂತಿತ್ತು. ಡ್ರೈವರಿಗೆ ಮಾತ್ರ ಜ್ವರ. ಬದಲಿಗೆ ಇನ್ನೊಬ್ಬರು ಸಿಕ್ಕಲಿಲ್ಲ. ಎರಡು ದಿನ ಕಳೆಯುವುದರೊಳಗೆ ಕೆಳಗಿನ ಬಾಕ್ಸುಗಳಿಂದ ರಸ ಸೋರತೊಡಗಿತು. ಗೊಬ್ಬರ, ಔಷಧಿ, ಕೂಲಿ ಎಲ್ಲಕ್ಕೂ ಸಾಲ ಮಾಡಿದ್ದವರ ಸಂಕಟ ನಿಮಗೆ ಗೊತ್ತಿರುವುದೇ.

ಲಾರಿ ಡ್ರೈವರುಗಳ ಅಭಾವ ನಮ್ಮೂರಿಗಷ್ಟೇ ಬಂದುದಲ್ಲ, ದೇಶದಲ್ಲೆಲ್ಲ ಇದೆ. ಹಿಂದೆ ಈ ಕಸುಬನ್ನು ಕಲಿಸುತ್ತಿದ್ದುದು ಲಾರಿಯೇ. ಊರಿನ ಹುಡುಗ ಕ್ಲೀನರಾಗಿ ಸೇರುತ್ತಿದ್ದ. ಗಾಜು ಒರೆಸುವುದು, ಟೈರು ಬಿಚ್ಚುವುದು, ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು, ಗಾಡಿ ಹಿಂದಕ್ಕೆ ಬರುವಾಗ ಕೂಗಿ ದಾರಿ ತೋರಿಸುವುದು, ಹೀಗೆ ನಾಲ್ಕಾರು ವರ್ಷ ಕಳೆದ ಮೇಲೆ ಖಾಲಿ ರಸ್ತೆಯಲ್ಲಿ ಡ್ರೈವರು ಅವನ ಕೈಗೆ ಸ್ಟಿಯರಿಂಗು ಕೊಡುತ್ತಿದ್ದರು. ಈಗ ಬಾಡಿಗೆ ಗಿಟ್ಟುವುದಿಲ್ಲವೆಂದು ಮಾಲೀಕರು ಕ್ಲೀನರನ್ನು ಇಟ್ಟುಕೊಳ್ಳುವುದೇ ಕಡಮೆ. ಸಸಿಮಡಿ ಹಾಕದೆ ನಾಟಿಯ ಹೊತ್ತಿಗೆ ಪೈರಿಲ್ಲವೆಂದರೆ ಹೇಗೆ? ಹಳಬರಿಗೆ ಸೊಂಟನೋವು, ಕಣ್ಣು ಮಂಜು, ಸಕ್ಕರೆ ಕಾಯಿಲೆ. ಅವರ ಮಕ್ಕಳು ರಾತ್ರಿ ಮನೆ ಸೇರುವ ಕೆಲಸವನ್ನೇ ಹುಡುಕುತ್ತಾರೆ.

ಅವರದು ತಪ್ಪೆನ್ನಲಾಗದು. ಕೋಲಾರದಿಂದ ದಿಲ್ಲಿಗೆ 2,000 ಕಿ.ಮೀ.ಗೂ ಹೆಚ್ಚು ದೂರ. ದಿನಕ್ಕೆ 8 ಗಂಟೆ ದುಡಿಮೆಯೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯಲ್ಲೇ ಗೊತ್ತುಮಾಡಿದ್ದರು. ಗಂಟೆಗೆ 40 ಕಿ.ಮೀ.ಯಂತೆ ಲೆಕ್ಕ ಹಿಡಿದರೆ ದಿನಕ್ಕೆ 320 ಕಿ.ಮೀ.; ಒಬ್ಬರೇ ಓಡಿಸಿದರೆ ಆರೇಳು ದಿನ. ಹಣ್ಣು ಅಷ್ಟು ದಿನ ಕಾಯುವುದೇ? ಇಬ್ಬರು ಡ್ರೈವರುಗಳಿರಬೇಕು, ಇಲ್ಲವೇ ಒಬ್ಬರೇ ನಿದ್ದೆಗೆಟ್ಟು ಓಡಿಸಬೇಕು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಲ್ಲಿ ಡ್ರೈವರು ಕೂರುವ ಕ್ಯಾಬಿನ್ನಿಗೆ ಏ.ಸಿ. ಕಡ್ಡಾಯವಾಗಿದೆ. ನಮ್ಮ ಸಂತೆಗೆ ಬರುವ ಹಳೆಯ ಲಾರಿಗಳಿಗೆ ಆ ಭಾಗ್ಯವಿಲ್ಲ.

ನಮ್ಮ ಕೈಲಾಗುವುದೂ ಉಂಟು. ಲಾರಿ ಬಂದ ಮೇಲೆ ಹಣ್ಣು ಕೀಳಲು ತೊಡಗುವ ವಾಡಿಕೆಯನ್ನು ದಯವಿಟ್ಟು ಬಿಡಿ. ತೋಟದಲ್ಲಿ ಡ್ರೈವರು ಕಾದ ನಾಲ್ಕು ಗಂಟೆ ಅವರ ನಿದ್ದೆಯಿಂದಲೇ ಕಳೆಯುತ್ತದೆ. ಅಕ್ಕಪಕ್ಕದ ಹೊಲದವರು ಮಾತಾಡಿಕೊಂಡು ಒಂದೇ ದಿನ ಕಿತ್ತು, ಒಂದೇ ಕಡೆ ತುಂಬಿಸಬಹುದು. ಬಂದವರಿಗೆ ಊಟ, ನೆರಳಿನಲ್ಲಿ ಒಂದು ಚಾಪೆ ಕೊಡಿ. (ನೆಂಟರಿಗೆ ಹಾಸುವ ಚಾಪೆಯೇ ಸಾಕು.)

ಇನ್ನು ಊರಿನ ಯುವಕರ ಮಾತು. 18 ತುಂಬಿದವರು ಮೊದಲು ಲಘು ವಾಹನದ ಲೈಸೆನ್ಸು ಪಡೆಯಬೇಕು. ಅದಕ್ಕೆ ಒಂದು ವರ್ಷವಾಗಿ, ವಯಸ್ಸು 20 ತುಂಬಿದ ಮೇಲೆ ಲಾರಿಯ ಲೈಸೆನ್ಸಿಗೆ ದಾರಿಯಿದೆ. ತರಬೇತಿ ಶಾಲೆಯ ಮತ್ತು ವೈದ್ಯರ ಪ್ರಮಾಣಪತ್ರಗಳು ಬೇಕು. ಎಂಟನೆಯ ತರಗತಿ ಓದಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದ್ದಾರೆ. ಇದು ತಿಳಿಯದೆ ಹಿಂಜರಿದವರನ್ನು ನಾನು ಕಂಡಿದ್ದೇನೆ. ಹೆಣ್ಣುಮಕ್ಕಳಿಗೂ ಇವೇ ನಿಯಮಗಳು. ಅರ್ಜಿ ತುಂಬುವುದು ತೊಡಕೆನಿಸಿದರೆ ಸಂತೆಯ ದಿನ ಪಂಚಾಯಿತಿ ಕಚೇರಿಯಲ್ಲಿ ನನ್ನನ್ನು ಕಾಣಿರಿ.