ಗೋಡೆಯಾಚೆಯ ಸದ್ದು: ನೆರೆಹೊರೆಯ ವ್ಯಾಜ್ಯಕ್ಕೆ ಕಾನೂನು ತೋರುವ ದಾರಿ

ಸೇಲಂ ನಗರದ ಅಮ್ಮಾಪೇಟೆ, ಜಿಲ್ಲೆಯ ಇಳಂಪಿಳ್ಳೈ, ತಾರಮಂಗಲ ಮೊದಲಾದ ಕಡೆಗಳಲ್ಲಿ ಮಗ್ಗದ ಸದ್ದು ಕೇಳಿಸದ ಬೀದಿ ವಿರಳ. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ಕುಟುಂಬಗಳು ಇಲ್ಲಿ ತಲೆಮಾರುಗಳಿಂದ ನೇಯ್ಗೆಯನ್ನೇ ನಂಬಿ ಬದುಕಿವೆ. ಕೈಮಗ್ಗದ ಸದ್ದು ಬಹುಮಟ್ಟಿಗೆ ಮನೆಯೊಳಗೇ ಅಡಗುತ್ತಿತ್ತು; ವಿದ್ಯುತ್ ಮಗ್ಗದ ಸದ್ದು ಗೋಡೆಯನ್ನು ದಾಟಿತು. ಗೋಡೆಯ ಈಚೆಗೆ ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಓದುವ ಮಗು. ಆಚೆಗೆ ಆ ದಿನದ ಕೂಲಿಗಾಗಿ ಓಡಬೇಕಾದ ಮಗ್ಗ. ಎರಡೂ ಅನ್ನದ ಪ್ರಶ್ನೆಗಳೇ. ಆದುದರಿಂದಲೇ ಈ ಜಗಳ ಬೇರೆ ಜಗಳಗಳಿಗಿಂತ ಕಠಿನವಾದುದು.

ಮೊದಲು ಕಾನೂನು ಏನೆನ್ನುತ್ತದೆಂಬುದನ್ನು ನೋಡೋಣ. ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು 2000ನೆಯ ಇಸವಿಯಲ್ಲಿ ಜಾರಿಗೆ ಬಂದವು. ಅವುಗಳ ಪ್ರಕಾರ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ಉಳಿದುದು ರಾತ್ರಿ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45 ಡೆಸಿಬಲ್. ವಾಣಿಜ್ಯ ಪ್ರದೇಶಕ್ಕೆ ಇವು 65 ಮತ್ತು 55. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಡೆಸಿಬಲ್ ಲೆಕ್ಕ ಸಾಧಾರಣ ಕೂಡುಲೆಕ್ಕವಲ್ಲ. 10 ಡೆಸಿಬಲ್ ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಹೆಚ್ಚಿದಂತೆ. ಮಿತಿಯನ್ನು 10 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಮೀರಿದಾಗ, ಇಲ್ಲವೆ ರಾತ್ರಿಯ ನಿರ್ಬಂಧಗಳನ್ನು ಉಲ್ಲಂಘಿಸಿದಾಗ, ಯಾರು ಬೇಕಾದರೂ ದೂರು ಕೊಡಬಹುದು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಬಯಲಿನಲ್ಲಿ ಅದನ್ನು ರಾತ್ರಿ 10ರ ಮೇಲೆ ಬಳಸುವಂತಿಲ್ಲ. ಹಬ್ಬ ಹರಿದಿನಗಳಿಗಾಗಿ ರಾಜ್ಯ ಸರಕಾರವು ವರ್ಷಕ್ಕೆ ಗರಿಷ್ಠ 15 ದಿನ, ಅದೂ ಮಧ್ಯರಾತ್ರಿಯವರೆಗೆ ಮಾತ್ರ, ಸಡಿಲಿಕೆ ಕೊಡಬಹುದು. ಆಡಿ ಮಾಸದ ಮಾರಿಯಮ್ಮನ ಜಾತ್ರೆಗೂ ಈ ಚೌಕಟ್ಟೇ ಅನ್ವಯ. ಶಾಲೆ, ಆಸ್ಪತ್ರೆಗಳ ಸುತ್ತಲಿನ 100 ಮೀಟರು ನಿಶ್ಶಬ್ದ ವಲಯವೆಂದು ಅನೇಕರು ತಿಳಿದಿದ್ದಾರೆ; 2017ರ ತಿದ್ದುಪಡಿಯ ಅನಂತರ ಸರಕಾರ ಘೋಷಿಸಿದರೆ ಮಾತ್ರ ಅದು ಅಂತಹ ವಲಯವಾಗುತ್ತದೆ.

ಸರ್ವೋಚ್ಚ ನ್ಯಾಯಾಲಯದ ನಿಲುವು ಸ್ಪಷ್ಟವಾಗಿದೆ. ಮದರಾಸಿನ ಒಂದು ಬಡಾವಣೆಯ ನಿವಾಸಿಗಳಿಗೂ ಅಲ್ಲಿನ ಪ್ರಾರ್ಥನಾ ಮಂದಿರಕ್ಕೂ ನಡೆದ ವ್ಯಾಜ್ಯದಲ್ಲಿ, ನೆರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲವೆಂದು 2000ದ ಆಗಸ್ಟಿನಲ್ಲಿ ಅದು ತೀರ್ಪಿತ್ತಿತು. ನೆಮ್ಮದಿಯ ಬದುಕು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಳಗೇ ಸೇರಿದೆಯೆಂದು 2005ರ ಜುಲೈ 18ರ ತೀರ್ಪು ಹೇಳಿತು.

ಆದರೆ ಮನೆಗಳ ಜಗಳದಲ್ಲಿ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. ಮೊದಲನೆಯದು: “ಮಗ್ಗ ಮೊದಲು ಬಂತು, ನೀವು ಆಮೇಲೆ ಬಂದಿರಿ.” ಲಂಡನ್ನಿನ ಮಿಠಾಯಿಗಾರನೊಬ್ಬನು 20 ವರ್ಷಕ್ಕೂ ಹೆಚ್ಚು ಕಾಲದಿಂದ ಒರಳಿನಲ್ಲಿ ಕುಟ್ಟುತ್ತಿದ್ದನು; ಪಕ್ಕದ ವೈದ್ಯನು ಆ ಗೋಡೆಗೆ ಹೊಂದಿಸಿ ಹೊಸ ಕೊಠಡಿ ಕಟ್ಟಿದ ಮೇಲೆ ಸದ್ದಿನ ಬಗ್ಗೆ ದಾವೆ ಹೂಡಿದನು. 1879ರಲ್ಲಿ ನ್ಯಾಯಾಲಯವು ವೈದ್ಯನ ಪರವಾಗಿ ತೀರ್ಪಿತ್ತಿತು. ಮೊದಲು ಬಂದುದೊಂದೇ ಸಮರ್ಥನೆಯಾಗದು. ಎರಡನೆಯದು: “ಅವರು ಸದ್ದು ಮಾಡಿದರೆ ನಾನೂ ಮಾಡುತ್ತೇನೆ.” 1893ರ ಇನ್ನೊಂದು ಇಂಗ್ಲಿಷ್ ಮೊಕದ್ದಮೆಯಲ್ಲಿ, ಪಕ್ಕದ ಮನೆಯ ಸಂಗೀತಪಾಠದಿಂದ ಬೇಸತ್ತವನು ಗೋಡೆ ಬಡಿದು, ತಟ್ಟೆ ಬಾರಿಸಿ, ಸೀಟಿ ಹೊಡೆದು ಸೇಡು ತೀರಿಸಿಕೊಂಡನು. ಪ್ರತಿಬಂಧಕಾಜ್ಞೆ ಬಂದುದು ಅವನ ಮೇಲೆಯೇ. ಪಾಠದ ಸದ್ದು ಬದುಕಿನದು, ಅವನದು ದ್ವೇಷದ್ದು. ಭಾರತದ ನ್ಯಾಯಾಲಯಗಳೂ ಖಾಸಗಿ ಉಪದ್ರವದ ದಾವೆಗಳಲ್ಲಿ ಇದೇ ಇಂಗ್ಲಿಷ್ ನ್ಯಾಯಪರಂಪರೆಯ ತತ್ವಗಳನ್ನು ಆಧರಿಸುತ್ತವೆ. ಆದುದರಿಂದ ಸೇಡಿಗಾಗಿ ಧ್ವನಿಪೆಟ್ಟಿಗೆ ತಿರುಗಿಸುವವನು ತನ್ನ ಮೊಕದ್ದಮೆಯನ್ನು ತಾನೇ ಸೋಲುತ್ತಾನೆ.

ಹಾಗಾದರೆ ಮಾಡಬೇಕಾದುದೇನು? ಮೊದಲ ಮೆಟ್ಟಿಲು ಮಾತು. ಜಗಳದ ಹೊತ್ತಿನಲ್ಲಿ ಹೋಗದೆ ಮರುದಿನ ಶಾಂತವಾಗಿ ಹೋಗಿರಿ. “ನಿಲ್ಲಿಸಿ” ಎನ್ನುವುದಕ್ಕಿಂತ “ರಾತ್ರಿ ಒಂಬತ್ತರ ಮೇಲೆ, ಪರೀಕ್ಷೆ ಮುಗಿಯುವವರೆಗೆ ಬೇಡ” ಎನ್ನುವುದು ಲೇಸು. ಮಗ್ಗದ ಕಾಲುಗಳ ಕೆಳಗೆ ರಬ್ಬರ್ ಹಾಸು ಹಾಕುವುದು, ಯಂತ್ರವನ್ನು ಜಂಟಿ ಗೋಡೆಯಿಂದ ದೂರ ಸರಿಸುವುದು, ಗೋಡೆಯ ಕಿಂಡಿ ಮುಚ್ಚುವುದು ಇವುಗಳಿಂದ ನಡುಕವೂ ಸದ್ದೂ ಕಡಮೆಯಾಗುತ್ತವೆ. ಒಪ್ಪಿಗೆಯಾದರೆ ಒಂದು ಕಾಗದದಲ್ಲಿ ಗಂಟೆಗಳನ್ನು ಬರೆದು ಇಬ್ಬರೂ ಸಹಿ ಹಾಕಿರಿ.

ಮಾತು ಫಲಿಸದಿದ್ದರೆ ಎರಡನೆಯ ಮೆಟ್ಟಿಲು ದಾಖಲೆ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಎರಡು ಮೂರು ವಾರ ಬರೆದಿಡಿ. ದೂರವಾಣಿಯ ಡೆಸಿಬಲ್ ಆಪ್ ಸೂಚನೆಗೆ ಸಾಕು, ಪ್ರಮಾಣಕ್ಕೆ ಸಾಲದು. ಬಳಿಕ ಪೊಲೀಸ್ ಠಾಣೆಗೆ ಮನವಿ ಕೊಟ್ಟು ಸಿ.ಎಸ್.ಆರ್. ರಸೀದಿಯನ್ನು ತಪ್ಪದೆ ಪಡೆಯಿರಿ; ಸೋಮವಾರದ ಕುಂದುಕೊರತೆ ದಿನದಂದು ಜಿಲ್ಲಾಧಿಕಾರಿಗಳ ಕಚೇರಿಯಲ್ಲೂ ಮನವಿ ಸಲ್ಲಿಸಬಹುದು. ಇಡೀ ಬೀದಿಗೇ ತೊಂದರೆಯಾಗುತ್ತಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನ ಮೇರೆಗೆ ಕಂದಾಯ ವಿಭಾಗಾಧಿಕಾರಿಗಳು ಆಜ್ಞೆ ಹೊರಡಿಸಬಲ್ಲರು. ಒಂದೇ ಮನೆಯ ತೊಂದರೆಗೆ ತಕ್ಕುದು ಸಿವಿಲ್ ನ್ಯಾಯಾಲಯದ ಪ್ರತಿಬಂಧಕಾಜ್ಞೆ.

ನಮ್ಮ ಓದುಗರು ನೆನಪಿಡಬೇಕಾದ ಇನ್ನೊಂದು ಮಾತುಂಟು. ಸಂವಿಧಾನದ 350ನೆಯ ಅನುಚ್ಛೇದದಂತೆ ಯಾವ ಸರಕಾರಿ ಅಧಿಕಾರಿಗಾದರೂ ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕನ್ನಡದಲ್ಲಿ ಬರೆದ ದೂರು ದೂರೇ. ಕೆಲಸ ಬೇಗನಾಗಲೆಂದು ತಮಿಳು ಪ್ರತಿಯೊಂದನ್ನು ಜೊತೆಗಿಡುವುದು ಜಾಣತನ.

ದಾವೆ ಹೂಡುವ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಬಾಗಿಲನ್ನು ತಟ್ಟಿರಿ. ಸೇಲಂ, ಧರ್ಮಪುರಿ ಎರಡರಲ್ಲೂ ಅದು ಇದೆ. ಸಹಾಯವಾಣಿಯ ಸಂಖ್ಯೆ 15100. ಮೊಕದ್ದಮೆಯಾಗುವ ಮುನ್ನವೇ ವಿವಾದವನ್ನು ಲೋಕ ಅದಾಲತ್ತಿಗೆ ಒಯ್ಯಬಹುದು, ಶುಲ್ಕವಿಲ್ಲ. ಅಲ್ಲಿ ಇಬ್ಬರೂ ಒಪ್ಪಿದ ರಾಜಿಗೆ ಸಿವಿಲ್ ಡಿಕ್ರಿಯ ಬಲವುಂಟು, ಅದರ ಮೇಲೆ ಅಪೀಲಿಲ್ಲ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವೂ ದೊರೆಯುತ್ತದೆ.

ನ್ಯಾಯಾಲಯವು ಗೆದ್ದವರು ಯಾರು, ಸೋತವರು ಯಾರು ಎಂದು ಹೇಳಬಲ್ಲುದು. ಆದರೆ ತೀರ್ಪಿನ ಮರುದಿನ ಬೆಳಿಗ್ಗೆ ಇಬ್ಬರೂ ಅದೇ ಬೀದಿಯ ನಲ್ಲಿಯಲ್ಲಿ ನೀರು ಹಿಡಿಯಬೇಕು; ಮಕ್ಕಳು ಅದೇ ಶಾಲೆಗೆ ಹೋಗಬೇಕು. ಮಗ್ಗಕ್ಕೆ ಅದರ ಗಂಟೆ, ಓದಿಗೆ ಅದರ ಗಂಟೆ ಎಂದು ಹಂಚಿಕೊಂಡ ರಾಜಿಯಲ್ಲಿ ಎರಡು ಮನೆಗಳೂ ಉಳಿಯುತ್ತವೆ. ಉಳಿದ ಮೆಟ್ಟಿಲುಗಳು ಅಂತಹ ರಾಜಿ ಸಾಧ್ಯವಾಗದಿದ್ದಾಗ ಮಾತ್ರ.